ಮಗ್ಗದ ಕಾಲು

ನವನಗರ, ಬಾಗಲಕೋಟೆ
12 ಜೂನ್ 2024

ಡಾ. ಅನುರಾಧಾ ಅವರಿಗೆ,

ಶರಣು. ಲಕೋಟೆ ನೋಡಿ ಗಾಬರಿಯಾಗಬೇಡಿ. ಯಾರೂ ಸತ್ತಿಲ್ಲ, ಯಾರ ಮದುವೆಯೂ ಇಲ್ಲ. ನಾನು ಡಾ. ನಾಗಲಿಂಗ. ಹನ್ನೊಂದು ವರ್ಷದ ಹಿಂದೆ ನೀವು ನಮ್ಮ ಮೆಡಿಸಿನ್ ವಾರ್ಡಿನಲ್ಲಿ ಹೌಸ್ ಸರ್ಜನ್ ಆಗಿದ್ದಾಗ, ಬೆಳಗಿನ ಏಳೂವರೆಗೆ ರೌಂಡ್ಸ್ ಶುರುಮಾಡಿ ನಿಮ್ಮ ಚಹಾ ತಪ್ಪಿಸುತ್ತಿದ್ದವನು. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ನಿಮ್ಮ ಹುನಗುಂದದ ವಿಳಾಸ ಸಿಕ್ಕಿತು.

ವಿಷಯಕ್ಕೆ ಬರುತ್ತೇನೆ. ನಾನು ಮತ್ತೆ ವಿದ್ಯಾರ್ಥಿಯಾಗಿದ್ದೇನೆ, ಐವತ್ತಮೂರನೇ ವಯಸ್ಸಿಗೆ. ವೈದ್ಯಕೀಯ ಶಿಕ್ಷಣದ ಎರಡು ವರ್ಷದ ಕೋರ್ಸು. ಎಂದರೆ ಡಾಕ್ಟರಾಗುವುದನ್ನಲ್ಲ, ಡಾಕ್ಟರನ್ನು ತಯಾರು ಮಾಡುವುದನ್ನು ಕಲಿಯುವುದು. ಇಪ್ಪತ್ತಾರು ವರ್ಷ ಪಾಠ ಮಾಡಿದ ಮೇಲೆ ಇದೇನು ಹುಚ್ಚು ಎಂದು ಮನೆಯಲ್ಲಿ ಶೀಲಾ ಕೇಳಿದಳು. ಅವಳಿಗೆ ಬಡ್ತಿಯ ಕಾರಣ ಹೇಳಿದೆ. ನಿಜವಾದ ಕಾರಣ ನಿಮಗೆ ಹೇಳುತ್ತೇನೆ.

ಮಾರ್ಚಿನಲ್ಲಿ ಕಾಲೇಜಿನ ಗ್ಯಾದರಿಂಗ್ ಇತ್ತು. ಹುಡುಗರು ನನ್ನ ಮೇಲೊಂದು ಪ್ರಹಸನ ಆಡಿದರು. ಒಬ್ಬ ಹುಡುಗ ಕನ್ನಡಕವನ್ನು ನನ್ನ ಹಾಗೆಯೇ ಮೂಗಿನ ತುದಿಗೆ ಇಳಿಸಿಕೊಂಡು ರೌಂಡ್ಸಿಗೆ ಬಂದ. ಇನ್ನೊಬ್ಬ ಕೈಕಟ್ಟಿ ನಿಂತು, "ಸರ್, ಪೇಷಂಟ್ ಉಸರಾಡವಲ್ಲ್ರಿ" ಎಂದ. "ನಾ ಅದನ್ನ ಕೇಳಿಲ್ಲ. ಕೇಳಿದ್ದಕ್ಕಷ್ಟ ಉತ್ತರ ಹೇಳು. ನಾಲಗಿ ಯಾವ ಬಣ್ಣ ಐತಿ?" "ಸರ್, ಸತ್ತಾನ್ರಿ." "ಲೇ, ಬಣ್ಣ ಹೇಳಲೇ!" ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಮನೆಗೆ ಬಂದು ಊಟಕ್ಕೆ ಕೂತೆ, ಎದ್ದೆ, ಮತ್ತೆ ಕೂತೆ. ಅಂದಿನಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ಈ ಕಾಗದ ಬರೆಯುತ್ತಲೇ ಮೂರು ಸಲ ಎದ್ದು ಅಂಗಳ ಸುತ್ತಿ ಬಂದಿದ್ದೇನೆ.

ನಮಗೆ ಕಲಿಸುವವರು ಸುಶ್ಮಿತಾ ಮೇಡಂ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಶನಿವಾರ ಸಂಜೆ ಕಂಪ್ಯೂಟರಿನ ಪರದೆಯಲ್ಲಿ ಕಾಣಿಸಿಕೊಂಡು ನನ್ನನ್ನು ತಣ್ಣಗೆ ತಿದ್ದುತ್ತಾರೆ. ಅವರು ಕೊಟ್ಟ ಮೊದಲ ಕೆಲಸ ಇದು: ಮೂವರು ಹಳೆಯ ವಿದ್ಯಾರ್ಥಿಗಳಿಗೆ ಕೈಯಲ್ಲೇ ಕಾಗದ ಬರೆದು ಒಂದೇ ಪ್ರಶ್ನೆ ಕೇಳಬೇಕು. ‘ನನ್ನಿಂದ ಕಲಿತದ್ದರಲ್ಲಿ ನೀವು ಮುಂದೆ ಬಿಡಬೇಕಾಗಿ ಬಂದದ್ದು ಯಾವುದು?’ ಫೋನು ಮಾತ್ರ ಕೂಡದಂತೆ. ಫೋನಿನಲ್ಲಿ ಎಲ್ಲರೂ ಗುರುಗಳನ್ನು ಹೊಗಳಿಬಿಡುತ್ತಾರಂತೆ.

ಇಬ್ಬರಿಗೆ ಬರೆದೆ. ಇಬ್ಬರೂ ಕಾಗದ ಕೈಸೇರಿದ ಕೂಡಲೇ ಫೋನು ಮಾಡಿ ಹೊಗಳಿಬಿಟ್ಟರು. ಮೂರನೆಯವರು ನೀವು. ನನ್ನ ರೌಂಡ್ಸಿನಲ್ಲಿ ನಿಮ್ಮಷ್ಟು ಗಮನವಿಟ್ಟು ಕೇಳಿದವರನ್ನು ನಾನು ಕಾಣೆ. ನೀಲಿ ರಟ್ಟಿನ ನೋಟುಬುಕ್ಕು ಹಿಡಿದು ಹಿಂದಿನ ಸಾಲಿನಲ್ಲಿ ನಿಂತಿರುತ್ತಿದ್ದಿರಿ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಈಗಿನ ಗಲಾಟೆ ಹುಡುಗರಿಗೆ ನಿಮ್ಮ ಉದಾಹರಣೆ ಕೊಡುತ್ತಿರುತ್ತೇನೆ.

ಸಂಕೋಚ ಬೇಡ. ಬೈದರೂ ನಡೆಯುತ್ತದೆ, ಬೈಗುಳಕ್ಕೂ ಅಂಕಗಳಿವೆಯಂತೆ.

ಟಪಾಲಿನವನ ಹಾದಿ ಕಾಯುತ್ತಿರುವ,
ನಾಗಲಿಂಗ


ಹುನಗುಂದ
2 ಜುಲೈ 2024

ಗುರುಗಳಿಗೆ ನಮಸ್ಕಾರಗಳು.

ತಮ್ಮ ಕಾಗದ ತಲುಪಿತು. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಮಳೆಗಾಲದ ಜ್ವರದವರು ಹೆಚ್ಚಾಗಿದ್ದಾರೆ, ಇಲ್ಲಿನ ಆಸ್ಪತ್ರೆಯಲ್ಲಿ ಇರುವವರು ಇಬ್ಬರೇ ಡಾಕ್ಟರು.

ತಾವು ನನ್ನನ್ನು ‘ನೀವು’ ಎಂದು ಬರೆದದ್ದು ಓದಲು ಕಷ್ಟವಾಯಿತು. ಮೊದಲಿನ ಹಾಗೆ ‘ನೀನು’ ಎಂದೇ ಬರೆಯಿರಿ.

ತಮ್ಮಿಂದ ಹೊತ್ತಿಗೆ ಸರಿಯಾಗಿ ವಾರ್ಡಿಗೆ ಬರುವುದನ್ನು ಕಲಿತೆ. ಯಂತ್ರ ನೋಡುವ ಮೊದಲು ಕೈಯಿಂದ ನಾಡಿ ನೋಡುವುದನ್ನು ಕಲಿತೆ. ಅವುಗಳನ್ನು ಬಿಟ್ಟಿಲ್ಲ. ಬಿಡಬೇಕಾದದ್ದರ ಬಗ್ಗೆ ಬರೆಯಲು ಮೂರು ಸಂಜೆ ಕೂತೆ. ಬರೆಯಲಾಗಲಿಲ್ಲ.

ಅದರ ಬದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಗೋವಿಂದಪ್ಪ ತಮಗೆ ನೆನಪಿದ್ದಾರೆಯೇ? 2013ರ ಫೆಬ್ರುವರಿ. ಗಂಡಸರ ವಾರ್ಡು, ಆರನೇ ಹಾಸಿಗೆ.

ತಮ್ಮ ವಿದ್ಯಾರ್ಥಿನಿ,
ಅನುರಾಧಾ


ಬಾದಾಮಿ
14 ಜುಲೈ 2024

ಅನುರಾಧಾ,

ಆಯಿತು, ‘ನೀನು’. ನನಗೂ ಅದೇ ಸಲೀಸು.

ಇಂದು ಭಾನುವಾರ, ವಾರಕ್ಕೊಮ್ಮೆ ಬಂದು ರೋಗಿಗಳನ್ನು ನೋಡುವ ಬಾದಾಮಿಯ ದವಾಖಾನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಬೆಂಚಿನ ಮೇಲೆ ಏಳು ಮಂದಿ ಕೆಮ್ಮುತ್ತಿದ್ದಾರೆ. ನೀನು ಕೇಳಿದ ಗೋವಿಂದಪ್ಪ ನನಗೆ ನೆನಪಿಲ್ಲ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಗೋವಿಂದಪ್ಪಗಳು! ರೆಕಾರ್ಡ್ ರೂಮಿಗೂ ಹೋಗಿ ಬಂದೆ. ಅಷ್ಟು ಹಳೆಯ ಕಾಗದಗಳನ್ನು ಎಂದೋ ವಿಲೇವಾರಿ ಮಾಡಿದ್ದಾರಂತೆ. ಬೆಳಿಗ್ಗೆ ಬರುವಾಗ ಕೆರೂರಿನಲ್ಲಿ ಬಸ್ಸು ನಿಂತಿತ್ತು. ಕಿಟಕಿಯ ಹೊರಗೆ ಯಾರೋ "ಏ ಗೋವಿಂದಪ್ಪಾ!" ಎಂದು ಕೂಗಿದರು. ನಾನು ಬೆಚ್ಚಿ ತಿರುಗಿದೆ. ಬಾಳೆಹಣ್ಣಿನ ಗಾಡಿಯವನು. ನೀನು ಹೀಗೆ ಹೆಸರೊಂದನ್ನು ಎಸೆದು ಸುಮ್ಮನಾಗುವುದು ಸರಿಯಲ್ಲ. ಪರೀಕ್ಷೆ ಮಾಡುವುದು ನನ್ನ ಚಾಳಿ, ನಿನ್ನದಾಗಿರಲಿಲ್ಲ.

ಕೋರ್ಸಿನ ಸುದ್ದಿ ಕೇಳು. ನನ್ನ ಒಂದು ತರಗತಿಯನ್ನು ವಿಡಿಯೋ ಮಾಡಿ ನಾನೇ ನೋಡಬೇಕಾಯಿತು. ನಲವತ್ತು ನಿಮಿಷದಲ್ಲಿ ನಲವತ್ತೊಂದು ಪ್ರಶ್ನೆ ಕೇಳಿದ್ದೇನೆ. ಅವುಗಳಲ್ಲಿ ಮೂವತ್ತೆಂಟಕ್ಕೆ ನಾನೇ ಉತ್ತರ ಹೇಳಿದ್ದೇನೆ! ಉಳಿದ ಮೂರಕ್ಕೆ ಉತ್ತರಿಸಿದ ಹುಡುಗರನ್ನು ಅರ್ಧಕ್ಕೇ ತಡೆದಿದ್ದೇನೆ. ನೋಡುತ್ತ ನೋಡುತ್ತ ಬೆವರು ಬಂತು. ಪ್ರಶ್ನೆ ಕೇಳಿದ ಮೇಲೆ ಹತ್ತರವರೆಗೆ ಮನಸ್ಸಿನಲ್ಲೇ ಎಣಿಸಿ ಎಂದರು ಸುಶ್ಮಿತಾ ಮೇಡಂ. ಸೋಮವಾರ ಎಣಿಸಿದೆ. ಐದಕ್ಕೆ ಬರುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ, "ಸರ್, ಆರಾಮ ಅದೀರಿಲ್ರಿ?" ಎಂದು ನೀರಿನ ಬಾಟಲಿ ಕೊಟ್ಟಳು. ನನ್ನ ಮೌನಕ್ಕೆ ಅವರು ನನ್ನ ಬೈಗುಳಕ್ಕಿಂತ ಹೆಚ್ಚು ಹೆದರುತ್ತಾರೆ.

ಶೀಲಾಗೆ ಹೇಳಿದರೆ, "ಆ ಹತ್ತು ಎಣಿಸೂದು ಮನ್ಯಾಗೂ ಸ್ವಲ್ಪ ಚಾಲೂ ಮಾಡ್ರಿ" ಎಂದಳು.

ಗೋವಿಂದಪ್ಪ ಯಾರು? ಬರೆ.

ನಾಗಲಿಂಗ


ನವನಗರ
21 ಆಗಸ್ಟ್ 2024

ಅನುರಾಧಾ,

ನೀನು ಬರೆಯಲಿಲ್ಲ. ಚಿಂತೆಯಿಲ್ಲ, ನನಗೇ ನೆನಪಾಯಿತು! ಮೊನ್ನೆ ತರಗತಿಯ ನಡುವೆ ತಟ್ಟನೆ ಹೊಳೆಯಿತು, ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟು ನಕ್ಕುಬಿಟ್ಟೆ.

ಇಳಕಲ್ಲಿನ ನೇಕಾರ. ತೆಳ್ಳಗೆ, ನಲವತ್ತೈದು ಇರಬೇಕು. ಜ್ವರ, ಕಾಲು ಬಾವು. ಅಲ್ಲವೇ? ಅಂದು ನಾನು ಹೇಳಿದ ಮಾತು ನಿನಗೆ ನೆನಪಿರಬೇಕು: "ಇದು ಮಗ್ಗದ ಕಾಲು. ಕುಣಿಮಗ್ಗದಾಗ ಕಾಲು ಇಳಿಬಿಟ್ಟು ದಿನಾ ಎಂಟು ತಾಸು ಕೂಡೋರಿಗೆ ಬಾವು ಬರೂದ." ಪುಸ್ತಕದಲ್ಲಿ ಇಲ್ಲದ ಮಾತು. ನಮ್ಮ ಜಿಲ್ಲೆಯ ಡಾಕ್ಟರಿಗೆ ಮಾತ್ರ ಹೊಳೆಯುವಂಥದ್ದು ಎಂದು ಆಗ ಹೆಮ್ಮೆಪಟ್ಟಿದ್ದೆ. ಅಂದಿನಿಂದ ಪ್ರತಿ ಬ್ಯಾಚಿಗೂ ಹೇಳುತ್ತ ಬಂದಿದ್ದೇನೆ. ಮೊನ್ನೆ ಹೇಳುತ್ತಿದ್ದುದೂ ಅದನ್ನೇ, ಕಾಲು ಬಾವು ಕಂಡರೆ ಕಸುಬು ಕೇಳಿ ಎಂದು. ನೂರೈವತ್ತು ಹುಡುಗರು ಬರೆದುಕೊಂಡರು. ಆಮೇಲೆ ಪಾಪ, ಆತ ಹೃದಯದ ತೊಂದರೆಯಿಂದ ತೀರಿಕೊಂಡನಲ್ಲವೇ? ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಸುಶ್ಮಿತಾ ಮೇಡಂಗೂ ಇದನ್ನು ಬರೆದು ಕಳಿಸಿದ್ದೇನೆ, ಸ್ಥಳೀಯ ಅನುಭವವನ್ನು ಪಾಠದಲ್ಲಿ ಬಳಸಿದ್ದಕ್ಕೆ ಮಾದರಿ ಎಂದು. ನೀನು ಕೇಳಿದ್ದರಿಂದಲೇ ನೆನಪಾದದ್ದು, ಆದ್ದರಿಂದ ನಿನಗೂ ಅರ್ಧ ಶಹಬ್ಬಾಸ್‌ಗಿರಿ ಸಲ್ಲಬೇಕು.

ಸಂತೋಷದಲ್ಲಿ,
ನಾಗಲಿಂಗ


ಹುನಗುಂದ
8 ಸೆಪ್ಟೆಂಬರ್ 2024

ಸರ್,

ಆ ಪಾಠವನ್ನು ದಯವಿಟ್ಟು ನಿಲ್ಲಿಸಿ. ನೂರೈವತ್ತು ಮಂದಿ ಬರೆದುಕೊಂಡರು ಎಂದು ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನಾನು ಇಳಕಲ್ಲಿನ ನೇಕಾರರ ಮನೆಯವಳು. ತಮಗೆ ಗೊತ್ತಿರಲಿಕ್ಕಿಲ್ಲ, ತಾವು ಯಾವತ್ತೂ ಕೇಳಿರಲಿಲ್ಲ. ನಾನು ಓದಿದ್ದು ಅಪ್ಪನ ಕುಣಿಮಗ್ಗದ ಪಕ್ಕದಲ್ಲಿ ಕೂತು. ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಆ ಕುಣಿಯಲ್ಲಿ ಎರಡು ಹಲಗೆಗಳಿರುತ್ತವೆ. ಒಂದನ್ನು ಎಡಗಾಲು ತುಳಿಯುತ್ತದೆ, ಇನ್ನೊಂದನ್ನು ಬಲಗಾಲು. ಸಂಜೆ ಅಪ್ಪ ಮೇಲೆದ್ದಾಗ ಎರಡೂ ಕಾಲು ಬಾತಿರುತ್ತಿದ್ದವು. ರಾತ್ರಿ ಮಲಗಿ ಎದ್ದರೆ ಎರಡೂ ಇಳಿದಿರುತ್ತಿದ್ದವು. ಗೋವಿಂದಪ್ಪನವರಿಗೆ ಬಾತದ್ದು ಎಡಗಾಲು ಒಂದೇ. ಬೆಳಿಗ್ಗೆಯೂ ಇಳಿದಿರಲಿಲ್ಲ. ಮುಟ್ಟಿದರೆ ಬಿಸಿಯಿತ್ತು.

ನನಗೆ ಅದು ಮೊದಲ ದಿನವೇ ಗೊತ್ತಾಯಿತು. ಅವರ ಹೆಂಡತಿ ಚಂದ್ರವ್ವ ಚಹಾ ತರಲು ಹೋಗಿದ್ದಾಗ, ಹಾಸಿಗೆಯ ಪಕ್ಕದಲ್ಲಿದ್ದ ಅವರ ಚೀಲದಿಂದ ನೂಲಿನ ಎಳೆ ಹರಿದುಕೊಂಡು ಎರಡೂ ಮೀನಖಂಡ ಅಳೆದೆ. ಎಡಗಾಲಿನ ಎಳೆ ಎರಡು ಬೆರಳು ಹೆಚ್ಚು ಉದ್ದವಿತ್ತು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಎಂದು ನೀಲಿ ನೋಟುಬುಕ್ಕಿನಲ್ಲಿ ಬರೆದೆ. ತಾವು ಗಮನದ ಗುರುತು ಎಂದುಕೊಂಡ ಆ ನೋಟುಬುಕ್ಕು.

ಅದರ ಹಿಂದಿನ ದಿನ ಬೇರೊಬ್ಬ ರೋಗಿಯ ಬಗ್ಗೆ ತಾವು ಕೇಳದೆಯೇ ನಾನು ಒಂದು ಮಾತು ಹೇಳಿದ್ದೆ. ತಾವು ಕನ್ನಡಕ ಇಳಿಸಿ, "ಕೇಳಿದ್ದಕ್ಕಷ್ಟ ಉತ್ತರ ಹೇಳು" ಎಂದಿರಿ. ಎಲ್ಲರೂ ನಕ್ಕರು. ಆರನೇ ಹಾಸಿಗೆಯ ಹತ್ತಿರ ತಾವು ಕೇಳಿದ್ದು ಎರಡೇ ಪ್ರಶ್ನೆ. ಬಾವು ಐತೇನು? ಹೌದು ಸರ್. ಒತ್ತಿದರೆ ಕುಣಿ ಬೀಳ್ತದೇನು? ಹೌದು ಸರ್. ಒಂದೇ ಕಾಲಿಗೋ, ಎರಡೂ ಕಾಲಿಗೋ ಎಂದು ತಾವು ಕೇಳಲಿಲ್ಲ. ನಾನು ಹೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಅವರು ಬಚ್ಚಲಿಗೆ ಹೋಗಲು ಎದ್ದವರು ಅಲ್ಲೇ ಕುಸಿದರು. ಹೆಪ್ಪು ಕಾಲಿನಿಂದ ಎದೆಗೆ ಹೋಗಿರಬೇಕು. ಪೋಸ್ಟ್‌ಮಾರ್ಟಮ್ ಆಗಲಿಲ್ಲ, ಆದ್ದರಿಂದ ಖಚಿತವೆಂದು ಹೇಳಲಾರೆ. ಆದರೆ ನಾನು ಬೇರೆ ಯಾವುದನ್ನೂ ನಂಬಿಲ್ಲ.

ಚಂದ್ರವ್ವ ನನ್ನ ಕೈ ಹಿಡಿದು ಕೇಳಿದರು: "ನೀ ನಮ್ಮ ಓಣಿ ಹುಡುಗಿ. ನೀ ಖರೆ ಹೇಳವಾ. ಏನಾತು?" ನಾನು "ಹಾರ್ಟಿನ ತ್ರಾಸು" ಎಂದೆ. ಸಾವಿನ ಸರ್ಟಿಫಿಕೇಟಿನಲ್ಲಿ ಅದನ್ನೇ ಬರೆಯಲಾಗಿತ್ತು.

ಅವರಿಗೆ ಇಂದಿಗೂ ನಿಜ ಗೊತ್ತಿಲ್ಲ. ಅಪ್ಪ ಮಗ್ಗ ಬಿಟ್ಟು ಅಣ್ಣನ ಜೊತೆ ಗದಗಿಗೆ ಹೋದ ಮೇಲೆ ಆ ಓಣಿಗೆ ಹೋಗದಿರಲು ನನಗೊಂದು ನೆಪ ಸಿಕ್ಕಿತು. ಹುನಗುಂದದಿಂದ ಇಳಕಲ್ಲಿಗೆ ಅರ್ಧ ತಾಸಿನ ಬಸ್ಸು. ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೇನೆ, ವಾಪಸು ಬಂದಿದ್ದೇನೆ.

ತಮ್ಮ ಪ್ರಶ್ನೆಗೆ ಉತ್ತರ. ಜೂನಿನಲ್ಲಿ ತಮ್ಮ ಕಾಗದ ಬಂದ ವಾರವೇ ನಮ್ಮ ನರ್ಸ್ ಹಜರತಬಿ ಒಬ್ಬ ಬಾಣಂತಿಯ ಬಗ್ಗೆ ಏನೋ ಹೇಳಲು ಬಂದರು. ನಾನು ಅವಸರದಲ್ಲಿದ್ದೆ. "ಕೇಳಿದ್ದಕ್ಕಷ್ಟ ಉತ್ತರ ಹೇಳ್ರಿ" ಎಂದೆ. ನನ್ನ ಬಾಯಿಂದ ತಮ್ಮ ದನಿ ಬಂತು. ಹಜರತಬಿ ತಲೆ ತಗ್ಗಿಸಿ ಹೋದರು. ಬಿಡಬೇಕಾದದ್ದು ಇದು ಸರ್. ಬಿಟ್ಟಿಲ್ಲ.

ಅನುರಾಧಾ


ನವನಗರ
13 ಸೆಪ್ಟೆಂಬರ್ 2024

ಅನುರಾಧಾ,

ನಿನ್ನ ಕಾಗದವನ್ನು ಐದು ಸಲ ಓದಿದೆ. ನನ್ನದೂ ಕೆಲವು ಮಾತುಗಳಿವೆ.

ಪೋಸ್ಟ್‌ಮಾರ್ಟಮ್ ಇಲ್ಲ ಎಂದು ನೀನೇ ಬರೆದಿದ್ದೀ. ಪುರಾವೆಯಿಲ್ಲದೆ ಒಬ್ಬ ಡಾಕ್ಟರನ ಮೇಲೆ ಸಾವು ಹೊರಿಸುವುದು ಸಣ್ಣ ಮಾತಲ್ಲ. ಅಂದು ಅರವತ್ತು ಹಾಸಿಗೆಗೆ ನಾನೊಬ್ಬ. ನನ್ನ ಕೋಣೆಯ ಬಾಗಿಲು ದಿನವಿಡೀ ತೆರೆದೇ ಇರುತ್ತಿತ್ತು. ನೂಲು ಹಿಡಿದು ಅಳೆಯುವಷ್ಟು ಬುದ್ಧಿಯಿದ್ದವಳಿಗೆ ಬಾಗಿಲು ದಾಟಿ ಬರುವಷ್ಟು ಧೈರ್ಯವಿರಲಿಲ್ಲವೇ? ಮೂರು ದಿನ ಸುಮ್ಮನಿದ್ದೆಯಲ್ಲ! ನಾನು ಬೈಯುತ್ತಿದ್ದೆ, ಒಪ್ಪುತ್ತೇನೆ. ನನ್ನ ಗುರುಗಳು ನನ್ನ ಮೇಲೆ ಕೇಸ್ ಶೀಟನ್ನೇ ಎಸೆದಿದ್ದರು. ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ.

ಮುಚ್ಚಿಕೊಂಡಿದ್ದೆ. ಮೇಲೆ ಬರೆದ ಮಾತು ಸುಳ್ಳು. ಹೊಡೆದು ಹಾಕಲು ಹೋದೆ, ಇರಲಿ ಎಂದು ಬಿಟ್ಟಿದ್ದೇನೆ.

ಈ ಕೋರ್ಸು ಬಿಡುತ್ತೇನೆ. ಹಳೆಯದನ್ನೆಲ್ಲ ಕೆದಕಿ ಯಾರಿಗೆ ಏನು ಸಿಗುತ್ತದೆ?

ನಾಗಲಿಂಗ

ಎಷ್ಟು ಅಂದೆ? ಎರಡು ಬೆರಳೇ?


ಬಾದಾಮಿ
24 ನವೆಂಬರ್ 2024

ಅನುರಾಧಾ,

ಸೆಪ್ಟೆಂಬರಿನ ನನ್ನ ಕಾಗದವನ್ನು ಹರಿದು ಹಾಕಿರುತ್ತೀ. ಹಾಕಿರದಿದ್ದರೆ ಇಟ್ಟುಕೋ. ನಾನು ಎಂಥವನು ಎನ್ನುವುದಕ್ಕೆ ಬರಹದಲ್ಲಿ ಒಂದು ಪುರಾವೆ ಇರಲಿ.

ಕೋರ್ಸು ಬಿಡಲಿಲ್ಲ. ಮಗ್ಗದ ಕಾಲಿನ ಪಾಠ ಬಿಟ್ಟೆ. ಎರಡು ತಿಂಗಳು ವಾರ್ಡಿನಲ್ಲಿ ಪ್ರತಿ ರೋಗಿಯ ಎರಡೂ ಕಾಲು ನೋಡಿದೆ. ಹೊಟ್ಟೆನೋವೆಂದು ಬಂದವರ ಕಾಲನ್ನೂ ನೋಡಿದೆ. ಸರ್‌ಗೆ ಏನೋ ಆಗಿದೆ ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದಾರೆ. ಊಟ ಸೇರಲಿಲ್ಲ. ಬೆಳಗಿನ ವಾಕಿಂಗಿಗೆಂದು ಹೊರಟು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದೆ. ನೀನು ಬರೆದಿದ್ದೆಯಲ್ಲ, ಬಸ್ ಸ್ಟ್ಯಾಂಡಿನಿಂದ ವಾಪಸು ಬರುವುದು, ಅದು ನನಗೂ ಅಭ್ಯಾಸವಾಯಿತು. ಕಡೆಗೆ ಶೀಲಾ, "ಎಲ್ಲಿಗರ ಹೋಗಿ ಬರ್ರಿ. ನೀವ್ ಹಿಂಗ ತಿರಗೂದು ನೋಡಿ ನನಗ ತಲಿ ತಿರಗಾಕತ್ತೈತಿ" ಎಂದಳು. ಮೊನ್ನೆ ಗುರುವಾರ ರಜೆ ಹಾಕಿ ಇಳಕಲ್ಲಿಗೆ ಹೋದೆ.

ಗೋವಿಂದಪ್ಪ ಎಂಬ ಒಂದು ಹೆಸರು ಹಿಡಿದು ಮೂರು ಓಣಿ ಸುತ್ತಿದೆ. ಕಟ್ಟೆಯ ಮೇಲೆ ಕೂತಿದ್ದ ದೌಲತಬಿ ಎಂಬ ಮುದುಕಿ ಮನೆ ತೋರಿಸಿದಳು. ಚಂದ್ರವ್ವ ಬಾಗಿಲಲ್ಲೇ ನೂಲು ಸುತ್ತುವ ರಾಟಿಯ ಮುಂದೆ ಕೂತಿದ್ದರು. ನನ್ನನ್ನು ನೋಡಿ, "ಒಳಗ ಬರ್ರಿ ಡಾಕ್ಟ್ರ" ಎಂದರು. ನಾನು ಹೆಸರು ಹೇಳಿರಲಿಲ್ಲ.

ಒಳಗೆ ಅವರ ಮೈದುನ ಮಲ್ಲು ಮಗ್ಗದಲ್ಲಿದ್ದ. ನಾನು ಕುಣಿಯ ಅಂಚಿಗೆ ಕೂತು ಬಗ್ಗಿ ನೋಡಿದೆ. ಎರಡು ಹಲಗೆ, ಎರಡು ಕಾಲು. ಒಂದು ಇಳಿಯುತ್ತದೆ, ಒಂದು ಏಳುತ್ತದೆ. ಅನುರಾಧಾ, ನಾನು ಕುಣಿಮಗ್ಗವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದವನು. ಶೀಲಾಳ ಪೆಟ್ಟಿಗೆಯಲ್ಲಿ ಹನ್ನೆರಡು ಇಳಕಲ್ ಸೀರೆಗಳಿವೆ. ಹನ್ನೊಂದು ಬ್ಯಾಚಿಗೆ ಮಗ್ಗದ ಕಾಲಿನ ಪಾಠ ಮಾಡಿದವನು ಒಂದು ಸಲವೂ ಕುಣಿಯೊಳಗೆ ಬಗ್ಗಿ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ಅಲ್ಲಿಂದ ಎದ್ದು ಓಡಿಹೋಗಬೇಕೆನ್ನಿಸಿತು.

ಓಡಲಿಲ್ಲ, ಹೇಳಿದೆ. ಒಂದೇ ಕಾಲಿನ ಬಾವು, ಹೆಪ್ಪುಗಟ್ಟಿದ ರಕ್ತ, ನಾನು ನೋಡದೆ ಬಿಟ್ಟದ್ದು, ಎಲ್ಲವನ್ನೂ. "ತಪ್ಪು ನನ್ನದವ್ವಾ" ಎಂದೆ. ಮಲ್ಲುವಿನ ಕಾಲು ನಿಂತಿತು. ಚಂದ್ರವ್ವನ ರಾಟಿ ನಿಲ್ಲಲಿಲ್ಲ. ಅದನ್ನು ತಿರುಗಿಸುತ್ತಲೇ ಹೇಳಿದರು: "ಜ್ವರ ಬಂದು ಹತ್ತ ದಿನಾ ಮಲಗಿದ್ದರ್ರಿ ಅವರು. ಹತ್ತ ದಿನದಾಗ ಒಮ್ಮೆನೂ ಮಗ್ಗಕ್ಕ ಇಳದಿದ್ದಿಲ್ಲ. ಮಗ್ಗದ ಕಾಲು ಹೆಂಗಾಗತೈತ್ರಿ? ಅವತ್ತ ನಿಮಗ ಹೇಳಾಕಂತ ಬಂದೆ. ‘ರೌಂಡ್ಸ್ ನಡದೈತಿ, ಹೊರಗ ನಿಂದರವಾ’ ಅಂದ್ರಿ. ನಿಂತೆ."

ನನಗೆ ಅದು ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಅಷ್ಟು ಸಲ ಆ ಮಾತು ಆಡಿದ್ದೇನೆ.

ಈಗ ನಿನಗೆ ಸಂಬಂಧಿಸಿದ್ದು. ನಾನು ನಿನ್ನ ಹೆಸರು ಎತ್ತಿರಲಿಲ್ಲ. ಅವರೇ ಎತ್ತಿದರು. "ಆ ಹುಡುಗಿ ನನ್ನ ಚೀಲದಾಗಿನ ನೂಲು ಹರಕೊಂಡು ಎರಡೂ ಕಾಲು ಅಳದ್ಲು. ಚಹಾ ಹಿಡ್ಕೊಂಡು ಬಾಗಲದಾಗ ನಿಂತು ನೋಡೀನಿ. ಆಕಿ ಏನರ ಹೇಳತಾಳಂತ ಮೂರು ದಿನಾ ಆಕಿ ಮಾರಿ ನೋಡಕೋತ ಕುಂತೆ." ಹುನಗುಂದದಲ್ಲೇ ಇದ್ದಾಳೆ, ಬರಲು ಹೇಳಲೇ ಎಂದೆ. "ಹೇಳಬ್ಯಾಡ್ರಿ. ಬರೂದಿದ್ರ ತಾನ ಬರ್ತಾಳ" ಎಂದರು.

ಹೇಳಬೇಡಿ ಎಂದದ್ದನ್ನು ಹೇಳುತ್ತಿದ್ದೇನೆ. ಬೇರೆಯವರ ಮಾತು ಕೇಳದಿರುವುದು ನನಗೆ ಹೊಸದಲ್ಲವಲ್ಲ.

ಅವರು ಕ್ಷಮಿಸಲಿಲ್ಲ. "ಚಹಾ ಆರತೈತಿ, ಕುಡೀರಿ" ಎಂದರು. ಕುಡಿದು ಬಂದೆ.

ಡಿಸೆಂಬರ್ ಇಪ್ಪತ್ತರ ಶುಕ್ರವಾರ ನನ್ನ ಕೋರ್ಸಿನ ಪರೀಕ್ಷೆಯ ತರಗತಿ. ಸುಶ್ಮಿತಾ ಮೇಡಂ ಖುದ್ದಾಗಿ ಬಂದು ಹಿಂದೆ ಕೂರುತ್ತಾರೆ. ವಿಷಯ ನನ್ನಿಷ್ಟದ್ದು. ಗೋವಿಂದಪ್ಪನ ಕಾಲು ಎಂದು ಬರೆದುಕೊಟ್ಟಿದ್ದೇನೆ. ಆ ನೂರೈವತ್ತು ಹುಡುಗರೇ ಇರುತ್ತಾರೆ. ನೀನು ಬಂದು ಮುಂದೆ ನಿಂತು ನಿನ್ನ ಪಾಲಿನದನ್ನು ಹೇಳುತ್ತೀಯಾ? ನೀನು ಹೇಳುವಾಗ ನಾನು ಹತ್ತರವರೆಗೆ ಎಣಿಸುವುದಿಲ್ಲ, ಮುಗಿಯುವವರೆಗೂ ಬಾಯಿ ಬಿಡುವುದಿಲ್ಲ.

ನಾಗಲಿಂಗ


ಹುನಗುಂದ
9 ಡಿಸೆಂಬರ್ 2024

ಸರ್,

ನಿನ್ನೆ ಇಳಕಲ್ಲಿಗೆ ಹೋಗಿದ್ದೆ.

ತಮ್ಮ ಕಾಗದ ಬಂದು ಹತ್ತು ದಿನವಾಗಿತ್ತು. ಅವರು ಬಾಗಿಲಲ್ಲಿ ನಿಂತು ನೋಡಿದ್ದರು ಎಂದು ಓದಿದ ದಿನ ನನಗೆ ವಾರ್ಡಿನಲ್ಲಿ ನಿಲ್ಲಲಾಗಲಿಲ್ಲ. ನಾನು ಸುಳ್ಳು ಹೇಳುತ್ತಿದ್ದಾಗಲೇ ಅದು ಸುಳ್ಳೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈ ಬಿಟ್ಟಿರಲಿಲ್ಲ. ಭಾನುವಾರ ಬಸ್ ಸ್ಟ್ಯಾಂಡಿಗೆ ಹೋದೆ. ಮೊದಲ ಬಸ್ಸು ಬಿಟ್ಟೆ. ಎರಡನೆಯದನ್ನೂ ಬಿಟ್ಟೆ. ಮೂರನೆಯದಕ್ಕೆ ಹತ್ತಿದೆ.

ಬಸ್ಸಿನಲ್ಲಿ ಉತ್ತರ ಸಿದ್ಧಮಾಡಿಕೊಂಡೆ. ಅವರು "ಏನಾತು ಹೇಳು" ಎಂದು ಮತ್ತೆ ಕೇಳುತ್ತಾರೆ, ಈ ಸಲ ನಿಜ ಹೇಳುತ್ತೇನೆ ಎಂದುಕೊಂಡಿದ್ದೆ. ಹನ್ನೊಂದು ವರ್ಷದಿಂದ ಆ ಪ್ರಶ್ನೆಗೇ ಕಾದವಳು ನಾನು.

ಚಂದ್ರವ್ವ ಕೇಳಲಿಲ್ಲ. "ಬಾ, ಕುಂದರು" ಎಂದರು. ಅಪ್ಪನನ್ನು ಕೇಳಿದರು, ಅಣ್ಣನ ಮಕ್ಕಳನ್ನು ಕೇಳಿದರು. ನನಗೆ ಇನ್ನೂ ಮದುವೆ ಯಾಕಾಗಿಲ್ಲ ಎಂದು ಗದರಿಸಿದರು. ಆಮೇಲೆ ರಾಟಿಯನ್ನು ನನ್ನ ಕಡೆ ಸರಿಸಿ ತಾವು ಬೇರೆ ನೂಲು ಬಿಡಿಸತೊಡಗಿದರು. ಚಿಕ್ಕವಳಿದ್ದಾಗ ಅವರ ಮನೆಯಲ್ಲೇ ಲಾಳಿಗೆ ಹಾಕುವ ಕಂಡಿಕೆ ಸುತ್ತಲು ಕಲಿತಿದ್ದೆ, ಕೈ ತಾನಾಗಿಯೇ ಹೋಯಿತು. ಒಂದು ಕಂಡಿಕೆ ಸುತ್ತಿದೆ. ಎರಡನೆಯದನ್ನು ಸುತ್ತಿದೆ. ಅವರು ಕೇಳಲೇ ಇಲ್ಲ. ಒಳಗೆ ಮಲ್ಲು ಕಾಕಾನ ಮಗ್ಗ ನಡೆದಿತ್ತು. ಮೂರನೆಯ ಕಂಡಿಕೆ ಅರ್ಧವಾದಾಗ ನನಗೆ ತಿಳಿಯಿತು, ಅವರು ಕೇಳುವುದೇ ಇಲ್ಲ ಎಂದು. ಅವರು ಕೇಳಬೇಕಾದದ್ದನ್ನು ಅಂದೇ ಕೇಳಿ ಮುಗಿಸಿದ್ದರು.

ರಾಟಿ ನಿಲ್ಲಿಸಿದೆ. ನಾನೇ ಹೇಳಿದೆ. ನೂಲು, ಎರಡು ಬೆರಳು, ನೋಟುಬುಕ್ಕು, ನನ್ನ ಸುಳ್ಳು. ತಮ್ಮ ಮೇಲೆ ಏನನ್ನೂ ಹೊರಿಸಲಿಲ್ಲ. ತಮ್ಮದನ್ನು ತಾವು ಹೇಳಿಯಾಗಿತ್ತು.

ಅವರು ಕೈಯಲ್ಲಿದ್ದ ನೂಲನ್ನು ಬಿಡಿಸಿ ಮುಗಿಸಿದರು. ಆಮೇಲೆ, "ಅವತ್ತ ನನಗಷ್ಟ ಹೇಳಿದ್ದಿ ಅಂದ್ರ, ಹೊತಗೊಂಡರ ಬ್ಯಾರೆ ದವಾಖಾನಿಗೆ ಒಯ್ತಿದ್ದೆ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಅತ್ತೆ. ಅವರು ಅಳಲಿಲ್ಲ. ನನ್ನ ಕೈಯಿಂದ ಕಂಡಿಕೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿ, "ಸಡ್ಲ ಆಗೇತಿ. ಬಿಚ್ಚಿ ಸುತ್ತು" ಎಂದು ವಾಪಸು ಕೊಟ್ಟರು. ಬಿಚ್ಚಿ ಸುತ್ತಿ, ಕಡೆಯ ಬಸ್ಸಿಗೆ ಬಂದೆ.

ಹಜರತಬಿಯವರ ಕ್ಷಮೆ ಕೇಳಿದ್ದೇನೆ. ಕಂಡದ್ದನ್ನೆಲ್ಲ ಹೇಳಿ ಎಂದಿದ್ದೇನೆ. ಈಗ ಅವರು ಹೇಳುವುದನ್ನು ನಿಲ್ಲಿಸುವುದೇ ಇಲ್ಲ. ಇಂದು ಬೆಳಿಗ್ಗೆ ನನ್ನ ಓಲೆಯ ತಿರುಪು ಸಡಿಲವಾಗಿದೆ ಎಂದೂ ಹೇಳಿದರು.

ಇಪ್ಪತ್ತರ ಶುಕ್ರವಾರ ತಮ್ಮ ತರಗತಿಗೆ ಬರುತ್ತೇನೆ, ಆದರೆ ಮುಂದೆ ನಿಲ್ಲುವುದಿಲ್ಲ. ಆ ಪಾಠವನ್ನು ತಪ್ಪಾಗಿ ಹೇಳಿಕೊಟ್ಟವರು ತಾವು, ಸರಿಯಾಗಿ ಹೇಳಬೇಕಾದವರೂ ತಾವೇ. ನೀಲಿ ನೋಟುಬುಕ್ಕು ತರುತ್ತೇನೆ. ಆ ಎರಡು ಎಳೆ ನೂಲು ಅದರಲ್ಲೇ ಇವೆ. ನನ್ನ ಹಳೆಯ ಜಾಗದಲ್ಲಿ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಎರಡು ಕಾಲು, ಹತ್ತು ದಿನ, ಬಾಗಿಲ ಹೊರಗೆ ನಿಂತ ಚಂದ್ರವ್ವ, ಇವುಗಳಲ್ಲಿ ತಾವು ಒಂದನ್ನು ಬಿಟ್ಟರೂ ನಾನು ಎದ್ದು ನಿಂತು ಹೇಳುತ್ತೇನೆ. ತಾವು ಕೇಳುವವರೆಗೆ ಕಾಯುವುದಿಲ್ಲ.

ಅನುರಾಧಾ